ಕನ್ನಡಕ ತೆಗೆಯದೆ ನೋಡುವ ದುರ್ಬೀನು

ದಾಸನಕೊಪ್ಪದಿಂದ ಬನವಾಸಿಯ ಕಡೆ ಹೋಗುವ ರಸ್ತೆಯಲ್ಲಿ ಅಂಗಡಿ ಸಾಲು ಮುಗಿದ ಮೇಲೆ ಒಂದು ದಿಬ್ಬ ಸಿಗುತ್ತದೆ. ಅದರ ಮೇಲೆ ಅನ್ನಪೂರ್ಣವ್ವನ ಮನೆ. ಅಂಗಳದ ತುದಿಯ ಕಟ್ಟೆಯಲ್ಲಿ ಕೂತರೆ ಕೆಳಗಿನ ರಸ್ತೆ, ರಸ್ತೆಯಾಚೆ ಎದುರಿನ ಇಳಿಜಾರಿನಲ್ಲಿ ಹಂತಹಂತವಾಗಿ ಈ ಕಡೆಗೆ ಇಳಿದುಬರುವ ಗದ್ದೆಗಳು, ಗದ್ದೆಗಳ ಮೇಲ್ತುದಿಗೆ ಕೆರೆಯ ಕಾಲುವೆ ಎಲ್ಲವೂ ಕಾಣುತ್ತವೆ. ಕಣ್ಣು ನೆಟ್ಟಗಿದ್ದವರಿಗೆ ಕಾಣುತ್ತವೆ ಅನ್ನಬೇಕು. ಅನ್ನಪೂರ್ಣವ್ವನಿಗೆ ಈಚಿನ ವರ್ಷಗಳಲ್ಲಿ ರಸ್ತೆಯವರೆಗೆ ಸ್ಪಷ್ಟ, ಆಮೇಲಿನದೆಲ್ಲ ಬರೀ ಹಸಿರು.

ಆ ಹಸಿರಿನೊಳಗೆ ಆಕೆಯ ಆಯುಷ್ಯವೇ ಇತ್ತು. ಹಾನಗಲ್ಲ ಕಡೆಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಗೋವಿನಜೋಳಕ್ಕೆ ಬೀಳುವ ಗಿಳಿ ಕಾಯುವ ಕೆಲಸ ಆಕೆಯದಾಗಿತ್ತು; ಅಟ್ಟಣಿಗೆಯ ಮೇಲೆ ಕೂತು ಕವಣೆ ಬೀಸುತ್ತಿದ್ದಳಂತೆ. ಮಗ ಶರಣ ಕನ್ನಡ ಶಾಲೆಯಲ್ಲಿರುವಾಗಲೇ ಗಂಡ ತೀರಿಕೊಂಡ. ಗದ್ದೆಯನ್ನು ಲಾವಣಿಗೆ ಹಾಕು, ವರ್ಷಕ್ಕಿಷ್ಟು ಅಂತ ಮಾತಾಡಿ ಬೇರೆಯವರಿಗೆ ಉಳಲು ಬಿಟ್ಟುಬಿಡು, ನೀನು ಮನೆಯಲ್ಲಿ ಕೂತುಕೋ ಎಂದು ಮೈದುನಂದಿರು ಬುದ್ಧಿ ಹೇಳಿದರು. ಅನ್ನಪೂರ್ಣವ್ವ ಎಲ್ಲ ಕೇಳಿಸಿಕೊಂಡಳು, ಎಲ್ಲರಿಗೂ ಚಹಾ ಕೊಟ್ಟಳು, ಮರುದಿನ ಗಂಡನ ಕೊಡೆ ಹಿಡಿದು ಬದುವಿನ ಮೇಲೆ ಹೋಗಿ ನಿಂತಳು. ಆ ಕೊಡೆ ಎಷ್ಟೋ ಸಲ ಬಟ್ಟೆ ಬದಲಿಸಿಕೊಂಡಿತು, ಆಕೆ ಮಾತ್ರ ಬದುವಿನಿಂದ ಇಳಿಯಲಿಲ್ಲ. ನಾಟಿಗೆ ಬಗ್ಗಿದ ಹೆಣ್ಣುಮಕ್ಕಳನ್ನು ಬರೀ ಬೆನ್ನು ನೋಡಿ ಹೆಸರು ಹಿಡಿದು ಕರೆಯುತ್ತಿದ್ದಳು. ಯಾವ ಗದ್ದೆಯ ನೀರು ಯಾವ ಕಂಡಿಯಿಂದ ಎಲ್ಲಿಗೆ ಇಳಿಯಬೇಕು ಎಂಬುದು ಆಕೆಗೆ ತನ್ನ ಮನೆಯ ಬಾಗಿಲುಗಳಷ್ಟೇ ಗೊತ್ತಿತ್ತು. ದನಿಯೂ ಹಾಗೇ. ಆ ಬದುವಿನಲ್ಲಿ ನಿಂತು ಕೂಗಿದರೆ ಈ ರಸ್ತೆಯಲ್ಲಿ ಹೋಗುವ ಬೈಕಿನವನೂ ತನ್ನನ್ನೇ ಕರೆದರೇನೋ ಎಂದು ಬ್ರೇಕು ಹಾಕುತ್ತಿದ್ದ.

ಸೊಸೆ ದಾಕ್ಷಾಯಿಣಿ ಬಂದದ್ದು ಹುಬ್ಬಳ್ಳಿಯಿಂದ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಎರಡನೇ ಇಯತ್ತೆಯಿಂದ ದಪ್ಪ ಗಾಜಿನ ಕನ್ನಡಕದವಳು, ಎಲ್ಲಕ್ಕೂ ಹೆದರುವವಳು. ಕೊಟ್ಟಿಗೆಯ ಮೂಲೆಯಲ್ಲಿ ಹಾವಿದ್ದರೆ, ಸಂಪಿನ ಮುಚ್ಚಳ ಸರಿದಿದ್ದರೆ, ಶಾಲೆಯ ವ್ಯಾನಿನ ಬಾಗಿಲು ಸರಿಯಾಗಿ ಹಾಕಿರದಿದ್ದರೆ. ಮಗಳು ಪ್ರಣತಿ ಹುಟ್ಟಿದ ಮೇಲೆ ಹೆದರಿಕೆಗಳಿಗೂ ಹಲ್ಲು ಬಂದವು. ಮಗು ಟಿವಿಯ ಮುಂದೆ ಸ್ವಲ್ಪ ಹತ್ತಿರ ಕೂತರೂ ಇವಳಿಗೆ ಅದರ ಮೂಗಿನ ಮೇಲೆ ಕನ್ನಡಕ ಕಾಣುತ್ತಿತ್ತು. ಅನ್ನಪೂರ್ಣವ್ವ ಇದನ್ನೆಲ್ಲ ನೋಡಿ ನಗುತ್ತಿದ್ದಳೇ ಹೊರತು ಬಯ್ಯುತ್ತಿರಲಿಲ್ಲ. ಹೆದರುವವಳು ಮನೆಯಲ್ಲಿ ಒಬ್ಬಳಿದ್ದರೆ ಉಳಿದವರು ನಿಶ್ಚಿಂತೆಯಿಂದ ಇರಬಹುದು ಎನ್ನುತ್ತಿದ್ದಳು.

ಹೋದ ಬೇಸಗೆಯಲ್ಲಿ ಆಕೆಯ ಮೊಣಕಾಲು ಕೈಕೊಟ್ಟಿತು. ಸಪಾಟು ನೆಲದ ಮೇಲೆ ಎಷ್ಟಾದರೂ ನಡೆಯಿರಿ, ಬದುವಿನ ಮೇಲೆ ಕಾಲಿಡಬೇಡಿ ಎಂದರು ವೈದ್ಯರು. ಅದಕ್ಕೂ ಮೊದಲೇ ಎರಡೂ ಕಣ್ಣಿನ ಪೊರೆ ತೆಗೆಸಿ ಆಗಿತ್ತು. ಆಗ ಬಂದ ಕನ್ನಡಕದ ಮೇಲಿನರ್ಧ ದೂರಕ್ಕೆ, ಕೆಳಗಿನರ್ಧ ಓದಲಿಕ್ಕೆ. ಶಿರಸಿಯಲ್ಲಿ ಟ್ರ್ಯಾಕ್ಟರಿನ ಬಿಡಿಭಾಗಗಳ ಅಂಗಡಿ ಇಟ್ಟಿರುವ ಶರಣನಿಗೆ ಗದ್ದೆಗಿಳಿಯಲು ಪುರುಸೊತ್ತಿಲ್ಲ. ಯುಗಾದಿಯ ದಿನ ಊಟದೆಲೆಯ ಮುಂದೆ ಅವನು ಮಾತು ತೆಗೆದ. ನಮ್ಮ ಕೆಳಗಿನ ಗದ್ದೆಯ ಚಂದ್ರಶೇಖರಪ್ಪ ಕೇಳುತ್ತಿದ್ದಾರೆ, ಲಾವಣಿಗೆ ಕೊಟ್ಟುಬಿಡೋಣ, ನೋಡುವವರಿಲ್ಲದ ಗದ್ದೆ ಹಾಳಾಗುತ್ತದೆ ಎಂದ. ತಪ್ಪು ಮಾತೇನಲ್ಲ. ಅನ್ನಪೂರ್ಣವ್ವ ಹೋಳಿಗೆ ಮುರಿಯುತ್ತಿದ್ದ ಕೈಯನ್ನು ನಿಲ್ಲಿಸಿ ಒಂದು ಬೆಳೆ ಟೈಮು ಕೇಳಿದಳು. ಇಲ್ಲಿಂದಲೇ ನೋಡಿಕೊಳ್ಳುತ್ತೇನೆ, ಆಗದಿದ್ದರೆ ಕೊಡು ಎಂದಳು.

ಇಲ್ಲಿಂದ ಹೇಗೆ ನೋಡುವುದು ಎಂಬುದಕ್ಕೂ ಆಕೆಯ ಬಳಿ ಉತ್ತರವಿತ್ತು. ಗುಡ್ನಾಪುರಕ್ಕೆ ಒಂದು ಮದುವೆಗೆ ಹೋದಾಗ ಕೆರೆ ಏರಿಯ ಮೇಲೆ ಟೊಪ್ಪಿಗೆ ಹಾಕಿಕೊಂಡ ನಾಲ್ಕು ಮಂದಿ ದುರ್ಬೀನು ಹಿಡಿದು ನೀರಹಕ್ಕಿ ನೋಡುತ್ತಿದ್ದುದನ್ನು ಕಂಡಿದ್ದಳು. ಆಚೆ ದಂಡೆಯ ಹಕ್ಕಿಯ ಕಾಲಿನ ಬಣ್ಣ ಕೂಡ ಗೊತ್ತಾಗುತ್ತದೆಂದು ಅವರು ಹೇಳಿದ್ದರಂತೆ. ಹಕ್ಕಿಯ ಕಾಲು ಕಾಣುವುದಾದರೆ ಗದ್ದೆಯಲ್ಲಿ ಸುಭಾಷ ಕಾಣಲಿಕ್ಕಿಲ್ಲವೇ? ಸುಭಾಷ ನಾಯ್ಕ ಹತ್ತಾರು ವರ್ಷದಿಂದ ಅವರ ಗದ್ದೆಯ ಕೆಲಸ ನೋಡುವವ. ಒಳ್ಳೆಯವನೇ, ಆದರೆ ಮೇಲೊಂದು ಕಣ್ಣಿರಬೇಕು.

ಶರಣ ನಕ್ಕ, ಆದರೂ ಮುಂದಿನ ವಾರವೇ ಒಂದು ದುರ್ಬೀನು ತಂದ. ತಾಯಿಗೆ ಅಂತ ತಂದದ್ದಲ್ಲವೇ, ಅಂಗಡಿಯಲ್ಲಿದ್ದದ್ದರಲ್ಲೇ ಎಲ್ಲಕ್ಕಿಂತ ದೊಡ್ಡದು. ಹನ್ನೆರಡು ಪಟ್ಟು ಹತ್ತಿರ ಕಾಣಿಸುವಂಥದ್ದು; ಎತ್ತಿದರೆ ಗುಂಡುಕಲ್ಲು ಎತ್ತಿದ ಹಾಗೆ. ಕಣ್ಣಿಗೆ ಹಿಡಿಯುವ ಕಡೆ ಆಳವಾದ ಗಟ್ಟಿ ಕಪ್ಪು ಬಟ್ಟಲುಗಳು.

ಅನ್ನಪೂರ್ಣವ್ವ ಕನ್ನಡಕ ತೆಗೆದು ಸೆರಗಿನಲ್ಲಿ ಸುತ್ತಿ, ದುರ್ಬೀನನ್ನು ಕಣ್ಣಿಗೇರಿಸಿ, ಬಹಳ ಹೊತ್ತು ಗದ್ದೆಯ ಕಡೆ ನೋಡಿದಳು. ಕಾಣುತ್ತದಾ ಎಂದು ಮಗ ಕೇಳಿದ. ಎಲ್ಲಾ ಕಾಣುತ್ತದೆ ಎಂದಳು. ಅಂದಿನಿಂದ ಬೆಳಿಗ್ಗೆ ಪೂಜೆ ಮುಗಿದರೆ ಆಯಿತು, ಪ್ಲಾಸ್ಟಿಕ್ ಕುರ್ಚಿ, ಕಟ್ಟೆ, ದುರ್ಬೀನು. ಪ್ರಣತಿಗೆ ಅದನ್ನು ಮುಟ್ಟುವ ಆಸೆ. ಸೂರ್ಯನ ಕಡೆ ತಿರುಗಿಸಿ ನೋಡಿದರೆ ಕಣ್ಣು ಸುಟ್ಟುಹೋಗುತ್ತದೆಂದು ಫೋನಿನಲ್ಲಿ ಓದಿದ್ದ ದಾಕ್ಷಾಯಿಣಿ ಮಗುವನ್ನು ಕಟ್ಟೆಯ ಹತ್ತಿರವೇ ಬಿಡುತ್ತಿರಲಿಲ್ಲ.

ನಾಟಿಯ ದಿನಗಳು. ಮಳೆ ಹೊಳವಾದ ಒಂದು ಬೆಳಿಗ್ಗೆ ಬಟ್ಟೆ ಒಣಹಾಕಲು ಬಂದ ದಾಕ್ಷಾಯಿಣಿ ಸುಮ್ಮನೆ ಮಾತಿಗೆಂದು ಕೆಲಸ ಎಲ್ಲಿಗೆ ಬಂತೆಂದು ಕೇಳಿದಳು. ಅತ್ತೆ ದುರ್ಬೀನು ಇಳಿಸದೆಯೇ ಹೇಳಿದಳು:

"ಸುಭಾಷ ಮ್ಯಾಲಿನ ಗದ್ದಿ ಕಂಡಿ ಕಟ್ಟಾಕತ್ತಾನ ನೋಡು. ಗುದ್ದಲಿ ಜೋರ ಆಡಸ್ತಾನ ಇವತ್ತ."

ದಾಕ್ಷಾಯಿಣಿಯ ಕೈಯಲ್ಲಿದ್ದ ಬಟ್ಟೆ ಹಾಗೇ ನಿಂತಿತು. ಸುಭಾಷನಿಗೆ ಈಗಷ್ಟೇ ಹಿತ್ತಿಲ ಬಾಗಿಲಲ್ಲಿ ಅವಳೇ ಚಹಾ ಕೊಟ್ಟು ಬಂದಿದ್ದಳು. ಅಷ್ಟರಲ್ಲಿ ಆ ಮನುಷ್ಯ ಬಾಯೊರೆಸಿಕೊಳ್ಳುತ್ತ ಮನೆಯ ಬದಿಯಿಂದ ಬಂದ.

"ಅಮ್ಮೋರೆ, ಗುದ್ದಲಿ ಎಲ್ಲಿಟ್ರಿ? ನಿನ್ನೆ ಇಲ್ಲೇ ಇತ್ತಲ್ಲ, ಎಂತ ಮಾಡಿದ್ರಿ?"

ದುರ್ಬೀನು ನಿಧಾನವಾಗಿ ಕೆಳಗಿಳಿಯಿತು. ಗುದ್ದಲಿ ಕೊಟ್ಟಿಗೆಯ ಬಾಗಿಲ ಹಿಂದಿದೆ ಎಂದು ಅನ್ನಪೂರ್ಣವ್ವ ಯಾರ ಮುಖವನ್ನೂ ನೋಡದೆ ಹೇಳಿದಳು. ಅವನು ಹೋದ ಮೇಲೆ ಸೆರಗಿನಿಂದ ಕನ್ನಡಕ ಬಿಚ್ಚಿ ಹಾಕಿಕೊಂಡು, ಆ ಹಸಿರನ್ನೇ ನೋಡುತ್ತ ಕೂತಳು. ದಾಕ್ಷಾಯಿಣಿ ಬಟ್ಟೆಯ ಬುಟ್ಟಿ ಎತ್ತಿಕೊಂಡಾಗ ಕರೆದು ಹೇಳಿದಳು.

"ಶರಣಗ ಹೇಳಬ್ಯಾಡವಾ."

ಅಷ್ಟು ಸಣ್ಣ ದನಿ ಆಕೆಗಿದೆ ಎಂಬುದೇ ಸೊಸೆಗೆ ಗೊತ್ತಿರಲಿಲ್ಲ.

ಹೇಳಲಿಲ್ಲ. ಆದರೆ ಸುಮ್ಮನಿರುವುದೂ ದಾಕ್ಷಾಯಿಣಿಯ ಜಾಯಮಾನವಲ್ಲ. ಅತ್ತೆಗೆ ಪೊರೆಯೇ ಮತ್ತೆ ಬಂದಿರಬಹುದೇ, ಕಣ್ಣಿನ ಹಿಂದಿನ ನರಕ್ಕೇ ಏನಾದರೂ ಆಗಿರಬಹುದೇ ಎಂದು ಅವಳ ತಲೆ ಓಡಿತು. ಶಿರಸಿಗೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿದಳು. ಕಣ್ಣು ಸರಿಯಾಗಿಯೇ ಇದೆ, ಕನ್ನಡಕದ ನಂಬರು ಮಾತ್ರ ಬದಲಾಗಿದೆ ಎಂದರು. ಹೊಸ ಗಾಜು ಬಂತು, ದುರ್ಬೀನು ಮಾತ್ರ ಹಾಗೇ ಕುರುಡಾಗಿತ್ತು.

ಆಮೇಲೊಂದು ದಿನ ಅತ್ತೆ ಮಲಗಿದ್ದಾಗ ದಾಕ್ಷಾಯಿಣಿ ತಾನೇ ಅದನ್ನು ಎತ್ತಿ ನೋಡಿದಳು. ಕನ್ನಡಕ ಹಾಕಿಕೊಂಡು ನೋಡಿದರೆ ಸುತ್ತಲೂ ಕಪ್ಪು, ನಡುವೆ ಬಾಗಿಲ ಕೀಲಿತೂತಿನಷ್ಟು ಬೆಳಕು. ಅದರೊಳಗೂ ಗದ್ದೆ ಗಡಗಡ ನಡುಗುತ್ತಿತ್ತು. ಗಟ್ಟಿ ಬಟ್ಟಲಿನ ಅಂಚು ಗಾಜಿಗೆ ಕರ್ರೆಂದು ತಾಗಿ ಒಂದು ಗೀರೂ ಬಿತ್ತು. ಮೊದಲು ತನ್ನ ಕನ್ನಡಕಕ್ಕೆ ಮರುಗಿದಳು. ಮರುಗಿ ಮುಗಿದ ಮೇಲೆ ಹೊಳೆಯಿತು. ಇದು ಕಣ್ಣಿನ ತಪ್ಪಲ್ಲ, ಕನ್ನಡಕದವರನ್ನು ಲೆಕ್ಕಕ್ಕೇ ಹಿಡಿಯದ ದುರ್ಬೀನಿನ ತಪ್ಪು.

ತನ್ನ ಕನ್ನಡಕದ ಗಾಜು ಬದಲಿಸಬೇಕೆಂದು ದಾಕ್ಷಾಯಿಣಿ ಗಂಡನಿಗೆ ಹೇಳಿದಳು; ಅತ್ತೆ ಸೊಸೆ ಮತ್ತೆ ಶಿರಸಿಯ ಬಸ್ಸು ಹತ್ತಿದರು. ಸುಳ್ಳೂ ಅಲ್ಲ, ಗೀರು ಬಿದ್ದ ಗಾಜು ಇತ್ತಲ್ಲ. ದುರ್ಬೀನು ಕೈಚೀಲದಲ್ಲಿ ಅಕ್ಕಿಗಂಟಿನ ಹಾಗೆ ಕೂತಿತ್ತು. ಪೇಟೆಯ ಒಳಗಲ್ಲಿಯಲ್ಲಿ ಹೇರೂರಿನ ಕಡೆಯ ರಘುಪತಿ ಎಂಬವರ ಕನ್ನಡಕದಂಗಡಿ. ಹಕ್ಕಿ ನೋಡುವವರೆಲ್ಲ ಅಲ್ಲಿಗೇ ಹೋಗುತ್ತಾರೆಂದು ಪ್ರಣತಿಯ ಶಾಲೆಯ ಟೀಚರು ಹೇಳಿದ್ದರು. ತೆಳ್ಳಗಿನ, ನಿಧಾನದ ಮನುಷ್ಯ. ಮೂಗಿನ ಮೇಲೆ ಅವರದ್ದೂ ಒಂದು ಕನ್ನಡಕ. ದೊಡ್ಡ ದುರ್ಬೀನನ್ನು ತಿರುಗಿಸಿ ನೋಡಿ, ಇಂಥದ್ದು ಬೇಕೆಂದು ಕೇಳುವ ಒಬ್ಬರು ಯಲ್ಲಾಪುರದಲ್ಲಿದ್ದಾರೆ, ಸ್ಟ್ಯಾಂಡಿನ ಮೇಲೆ ಕೂರಿಸಿ ಚಂದ್ರನನ್ನು ನೋಡುವವರು, ಕನ್ನಡಕ ಇಲ್ಲದವರು, ಇದರ ಬದಲಿಗೆ ನೀವು ಬೇರೆ ತಗೊಳ್ಳಿ ಎಂದರು.

ಆಮೇಲೆ ಮೇಜಿನ ಮೇಲೆ ಮೂರು ದುರ್ಬೀನುಗಳು ಬಂದವು. ದಾಕ್ಷಾಯಿಣಿಯ ಪ್ರಶ್ನೆಗಳೂ ಬಂದವು. ಮಳೆಯ ನೀರು ಒಳಗೆ ಹೋಗುತ್ತದೆಯೇ, ಗಾಜಿಗೆ ಬೂಷ್ಟು ಹಿಡಿಯುತ್ತದೆಯೇ, ಕೊರಳಿಗೆ ಹಾಕಿಕೊಂಡರೆ ವಯಸ್ಸಾದವರ ಕತ್ತು ನೋಯುತ್ತದೆಯೇ, ಪಟ್ಟಿ ಮಗುವಿನ ಕುತ್ತಿಗೆಗೆ ಸಿಕ್ಕಿಬಿಟ್ಟರೆ. ರಘುಪತಿ ಒಂದಕ್ಕೂ ಬೇಸರಿಸದೆ ಉತ್ತರ ಹೇಳಿದರು. ಹನ್ನೆರಡು ಪಟ್ಟಿನದು ಬರಿಗೈಯಲ್ಲಿ ನಿಲ್ಲುವುದಿಲ್ಲ, ಕೈ ಎಷ್ಟು ನಡುಗಿದರೆ ಅದರ ಹನ್ನೆರಡರಷ್ಟು ಗದ್ದೆ ನಡುಗುತ್ತದೆ. ಎಂಟು ಪಟ್ಟು ಸಾಕು. ಆಮೇಲೆ ಮುಖ್ಯವಾದದ್ದು ಎಂದು ದುರ್ಬೀನಿನ ಹಿಂದುಗಡೆ ಬೆರಳಿಟ್ಟರು. ಈ ಗಾಜಿನಿಂದ ಕಣ್ಣು ಎಷ್ಟು ದೂರದವರೆಗೆ ಇದ್ದರೆ ಪೂರ್ತಿ ವೃತ್ತ ಕಾಣುತ್ತದೆ ಎಂಬ ಒಂದು ಅಂತರವಿದೆ. ಕೆಲವು ದುರ್ಬೀನುಗಳಲ್ಲಿ ಅದು ಬೆರಳಿನ ಉಗುರಿನಷ್ಟೂ ಇರುವುದಿಲ್ಲ. ಕನ್ನಡಕ ಹಾಕಿದವರ ಕಣ್ಣು ಹೇಗೂ ಹಿಂದೆ ಉಳಿಯುತ್ತದೆ, ಆದ್ದರಿಂದ ನಮ್ಮಂಥವರು ಆ ಅಂತರ ಹೆಚ್ಚಿರುವುದನ್ನೇ ಕೇಳಿ ತೆಗೆದುಕೊಳ್ಳಬೇಕು. ಕಣ್ಣಿನ ಬಟ್ಟಲು ರಬ್ಬರಿನದಿರಬೇಕು, ತಿರುಗಿಸಿದರೆ ಒಳಗೆ ಇಳಿಯಬೇಕು.

ಹೇಳಿದ್ದು ಸರಿ. ಆದರೆ ನೋಡಬೇಕಾದವರು ಅನ್ನಪೂರ್ಣವ್ವ. ಅಂಗಡಿಯ ಬಾಗಿಲಲ್ಲಿ ನಿಂತು ಎದುರಿನ ಬೇಕರಿಯನ್ನು ನೋಡಿರೆಂದು ರಘುಪತಿ ಒಂದನ್ನು ಕೈಗೆ ಕೊಟ್ಟರೆ ಆಕೆ ಮೊದಲು ಮಾಡಿದ್ದು ಕನ್ನಡಕ ತೆಗೆದು ಸೆರಗಿನಲ್ಲಿ ಸುತ್ತಿದ್ದು. ಕನ್ನಡಕ ಇರಲಿ ಅಮ್ಮ ಎಂದು ಅವರು ಹಾಕಿಸಿದರು. ಎರಡನೆಯದನ್ನು ಕೊಟ್ಟರು, ಮತ್ತೆ ತೆಗೆದಳು. ಬರೀ ದೂರದ ನಂಬರಾಗಿದ್ದರೆ ಕನ್ನಡಕ ತೆಗೆದೂ ನೋಡಬಹುದಿತ್ತು, ನಿಮಗೆ ಸಿಲಿಂಡರು ಅನ್ನುವ ಓರೆ ನಂಬರೂ ಇದೆ, ಅದನ್ನು ದುರ್ಬೀನು ಸರಿ ಮಾಡುವುದಿಲ್ಲ ಎಂದು ತಿಳಿಸಿ ಹೇಳಿದರು. ಹೌದೌದು ಎಂದ ಅನ್ನಪೂರ್ಣವ್ವನ ಕೈ ಮೂರನೆಯ ಸಲವೂ ತಾನಾಗಿಯೇ ಕನ್ನಡಕಕ್ಕೆ ಹೋಯಿತು. ಎಂತ ಮಾಡುವುದು ಎನ್ನುವ ಹಾಗೆ ರಘುಪತಿ ದಾಕ್ಷಾಯಿಣಿಯ ಮುಖ ನೋಡಿದರು.

ಆ ಕೈಯನ್ನು ದಾಕ್ಷಾಯಿಣಿ ದಿನಾ ಬೆಳಿಗ್ಗೆ ನೋಡುತ್ತಿದ್ದಳು. ಅತ್ತೆ ಸ್ನಾನ ಮಾಡಿ, ವಿಭೂತಿ ಇಟ್ಟು, ಪೂಜೆಗೆ ಕೂತು, ಕೊರಳಿನ ಲಿಂಗವನ್ನು ಎಡ ಅಂಗೈಗೆ ತೆಗೆದುಕೊಳ್ಳುವ ಮೊದಲು ಕನ್ನಡಕ ತೆಗೆದು ಸೆರಗಿನಲ್ಲಿ ಹೀಗೇ ಸುತ್ತುತ್ತಾಳೆ. ಆಮೇಲೆ ಅಂಗೈಯನ್ನು ಕಣ್ಣಿನೆದುರಿಗೆ ಎತ್ತಿ ಹಿಡಿದು ರೆಪ್ಪೆ ಬಡಿಯದೆ ನೋಡುತ್ತ ಕೂರುತ್ತಾಳೆ.

"ಅತ್ತಿ, ಇದು ಪೂಜಾ ಅಲ್ರಿ," ಎಂದಳು ಮೆಲ್ಲಗೆ.

ಅನ್ನಪೂರ್ಣವ್ವ ತನ್ನ ಕೈಯನ್ನೇ ನೋಡಿಕೊಂಡಳು. ಆಮೇಲೆ ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ತಾಯಿಯ ಮಾತು ಹೇಳಿದಳು. ದೇವರನ್ನ ನೋಡುವಾಗ ನಡುವೆ ಗಾಜು ಅಡ್ಡ ಬರಬಾರದು ಎಂದು ತವರಿನಲ್ಲಿ ಹೇಳಿಕೊಟ್ಟಿದ್ದಳಂತೆ. ಕೈಯಲ್ಲಿ ಹಿಡಿದು ಕಣ್ಣಿನ ಮುಂದೆ ತಂದದ್ದು ಏನೇ ಇರಲಿ, ಕನ್ನಡಕ ತಾನೇ ಕೆಳಗಿಳಿಯುತ್ತದೆ.

"ಸುಭಾಷನ್ನ ನೋಡಾಕ ಅಷ್ಟ ಮಡಿ ಬ್ಯಾಡ್ರಿ," ಎಂದಳು ದಾಕ್ಷಾಯಿಣಿ.

ಮೂರನೆಯದನ್ನೇ ಮತ್ತೆ ಕೈಗೆ ಕೊಟ್ಟರು. ಅದರ ರಬ್ಬರಿನ ಬಟ್ಟಲುಗಳನ್ನು ರಘುಪತಿ ಪೂರ್ತಿ ಒಳಗೆ ತಿರುಗಿಸಿದರು. ಎರಡು ಕಣ್ಣಿಗೂ ಬೇರೆ ಬೇರೆ ಹೊಂದಿಸಿ, ಗಾಜಿನ ಮೇಲಿನರ್ಧದಿಂದ ನೋಡಬೇಕೆಂದು ಗದ್ದವನ್ನು ತುಸು ತಗ್ಗಿಸಲು ಹೇಳಿದರು. ಅನ್ನಪೂರ್ಣವ್ವನ ಮೊಣಕೈಗಳು ಪೂಜೆಯಲ್ಲಿ ಹೇಗೋ ಹಾಗೆ ಪಕ್ಕೆಗೆ ಒತ್ತಿಕೊಂಡವು. ದುರ್ಬೀನು ಅಲುಗಲಿಲ್ಲ. ದಾಕ್ಷಾಯಿಣಿಗೆ ಜೀವ ಹಾರಿತು. ಇದೂ ಆಗಲಿಲ್ಲವೆಂದರೆ ಲಾವಣಿಯೇ ಗತಿ ಎಂದುಕೊಂಡಳು.

"ಆ ಹುಡುಗಿ ನೋಡು," ಎಂದಳು ಅತ್ತೆ ಕೊನೆಗೆ. "ತಾರೀಖ ನೋಡದ ಬ್ರೆಡ್ ತಗೊಂಡ ಹೊಂಟ್ಲು."

ಅದನ್ನೇ ಕಟ್ಟಿಸಿಕೊಂಡು ಬಂದರು.

ದುರ್ಬೀನು ಸಣ್ಣದಾಯಿತಲ್ಲ ಎಂದು ಶರಣ ಕೇಳಿದ. ದೊಡ್ಡದು ಭಾರವಾಗುತ್ತಿತ್ತು, ಬದಲಿಸಿದೆವು ಎಂದಳು ದಾಕ್ಷಾಯಿಣಿ. ಅದಕ್ಕೆ ಬೂಷ್ಟು ಹಿಡಿಯಬಾರದೆಂದು ಚಪ್ಪಲಿ ಡಬ್ಬಿಗಳಲ್ಲಿ ಬರುವ, ತೇವ ಹೀರುವ ಪುಡಿಚೀಲಗಳನ್ನು ಊರೆಲ್ಲ ಕೇಳಿ ಕೂಡಿಹಾಕಿದಳು. ಪಟ್ಟಿಯನ್ನು ಪ್ರಣತಿಯ ಕೈಗೆಟುಕದ ಮೊಳೆಗೆ ತೂಗುಹಾಕಿದಳು. ಮನೆಯಲ್ಲಿ ನೋಡುವವರಿಬ್ಬರೂ ಕನ್ನಡಕದವರೇ ಆದ್ದರಿಂದ ಬಟ್ಟಲುಗಳು ಸದಾ ಒಳಗೇ ಇರುತ್ತಿದ್ದವು.

ಗದ್ದೆಯ ಸುದ್ದಿಗಳು ಈಗ ನಿಜವಾದವು. ಸುಭಾಷನ ಜೇಬಿನಲ್ಲಿ ಫೋನು ಗುಣುಗುಟ್ಟಿತೆಂದರೆ ಕಟ್ಟೆಯ ಮೇಲಿನಿಂದ ಕರೆ. ಮೂರನೇ ಗದ್ದೆಯ ಮೂಲೆಯಲ್ಲಿ ಸಸಿ ತೇಲುತ್ತಿವೆ, ನೋಡು. ಕಾಲುವೆ ಬದಿಗೆ ಯಾರದೋ ಎಮ್ಮೆ ಬಂದಿದೆ. ಇಷ್ಟು ಸಲ ಬೀಡಿ ಸೇದಿದರೆ ಎದೆ ಏನಾಗಬೇಕೋ. ಅಮ್ಮೋರು ಬದುವಿನ ಮೇಲಿದ್ದಾಗಲೇ ಚೆನ್ನಾಗಿತ್ತು, ಬೀಡಿಗೆ ಒಂದು ಮರದ ಮರೆಯಾದರೂ ಸಿಗುತ್ತಿತ್ತು ಎಂದು ಅವನು ಹಿತ್ತಿಲ ಬಾಗಿಲಲ್ಲಿ ಚಹಾ ಕುಡಿಯುತ್ತ ದಾಕ್ಷಾಯಿಣಿಯ ಬಳಿ ದೂರಿದ. ದೂರುತ್ತ ನಗುತ್ತಲೂ ಇದ್ದ.

ಇಷ್ಟಾದರೂ ಶರಣನ ಮನಸ್ಸು ತಿರುಗಿರಲಿಲ್ಲ. ತಾಯಿಯ ಕಣ್ಣಿಗೆ ಒಂದು ಆಟಿಕೆ ಸಿಕ್ಕಿದೆ ಎಂಬಷ್ಟೇ ಅವನ ಎಣಿಕೆ. ಬೆಳೆ ಬಲಿಯುವ ಮೊದಲೇ ಮುಂದಿನ ವರ್ಷದ್ದನ್ನು ಗಟ್ಟಿ ಮಾಡಿಕೊಳ್ಳೋಣ ಎಂದು ಚಂದ್ರಶೇಖರಪ್ಪ ಹೇಳಿ ಕಳಿಸಿದ್ದರು. ಒಂದು ರವಿವಾರ ಬೆಳಿಗ್ಗೆ ಅವರೇ ಬಂದರು. ಬಿಳಿ ಅಂಗಿಯ, ಮೆದು ಮಾತಿನ ದೊಡ್ಡ ಮನುಷ್ಯ. ಪಡಸಾಲೆಯಲ್ಲಿ ಶರಣನ ಎದುರು ಕೂತು ಚಹಾ ಹಿಡಿದರು. ದಾಕ್ಷಾಯಿಣಿ ಒಳಬಾಗಿಲಲ್ಲಿ ನಿಂತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದಳು. ಅತ್ತೆ ಒಳಗೆ ಬಂದು ಕೂತು ತನ್ನ ಮಾತು ಹೇಳಬಾರದೇ ಎಂದು ಅವಳಿಗೆ ಚಡಪಡಿಕೆ. ಅತ್ತೆ ಕಟ್ಟೆಯ ಮೇಲೆಯೇ ಇದ್ದಳು.

ಅಂದು ನಸುಕಿನಲ್ಲಿ ಸುಭಾಷ ಮೇಲಿನಿಂದ ಕೊನೆಯವರೆಗೆ ಗದ್ದೆಗಳಿಗೆಲ್ಲ ಯೂರಿಯಾ ಎರಚಿ ಹೋಗಿದ್ದ. ಗೊಬ್ಬರ ಎರಚಿದ ಮೇಲೆ ನೀರು ಅಲುಗಬಾರದು, ಎರಡು ದಿನ ನಿಂತಲ್ಲೇ ನಿಲ್ಲಬೇಕು. ಕಂಡಿಗಳನ್ನೆಲ್ಲ ಕಟ್ಟಿದ್ದನ್ನು ಅನ್ನಪೂರ್ಣವ್ವ ನೋಡಿಯೂ ಇದ್ದಳು.

ಚಂದ್ರಶೇಖರಪ್ಪ ಮಾತಿಗೆ ಇಳಿಯಲು ಕಪ್ಪು ಕೆಳಗಿಟ್ಟ ಹೊತ್ತಿಗೆ ಅಂಗಳದಿಂದ ಹಳೆಯ ದನಿ ಬಂತು. ಬದುವಿನಿಂದ ರಸ್ತೆಯ ಬೈಕು ನಿಲ್ಲಿಸುತ್ತಿದ್ದ ಅದೇ ದನಿ.

"ಚಂದ್ರಶೇಖರಪ್ಪಾರ, ಲಾವಣಿ ಆಮ್ಯಾಲ ಮಾತಾಡೂಣಂತ ಬರ್ರಿ. ನನ್ನ ಗೊಬ್ಬರ ಈಗ ನಿಮ್ಮ ಗದ್ದಿಗೆ ಹೊಂಟೈತಿ."

ಎಲ್ಲರೂ ಕಟ್ಟೆಗೆ ಬಂದರು. ಬರಿಗಣ್ಣಿಗೆ ಏನೂ ಇಲ್ಲ, ಬರೀ ಹಸಿರು. ಚಂದ್ರಶೇಖರಪ್ಪ ಹುಬ್ಬಿಗೆ ಕೈ ಅಡ್ಡ ಹಿಡಿದರು. ನಮ್ಮಿಬ್ಬರ ನಡುವಿನ ಕೊನೆಯ ಬದು ಅಷ್ಟು ಅಗಲ, ಹೇಗೆ ಸೋರುತ್ತದೆ ಎಂದರು. ಅನ್ನಪೂರ್ಣವ್ವ ದುರ್ಬೀನು ಇಳಿಸಲಿಲ್ಲ. ಬದು ಗಟ್ಟಿಯೇ ಇದೆ, ಆದರೆ ಹುಣಸೆಗಿಡದ ಬಲಕ್ಕೆ ಅದರ ಬುಡದಿಂದ ನೀರು ಹೊಳೆಯುತ್ತ ಇಳಿಯುತ್ತಿದೆ, ಏಡಿ ತೂತು ಹಾಕಿದೆ, ಬದುವಿನ ಮೇಲೆ ನಿಂತು ನೋಡಿದವರಿಗೆ ಅದು ಕಾಣುವುದಿಲ್ಲ, ಎದುರಿನಿಂದ ನೋಡುವವರಿಗೇ ಕಾಣುವುದು ಎಂದಳು. ಅಷ್ಟು ವರ್ಷ ಆ ಬದುವಿನ ಮೇಲೆಯೇ ನಿಂತವಳು. ಅಲ್ಲಿಂದ ಎಂದೂ ಕಂಡಿರದದ್ದು ಈ ಕುರ್ಚಿಯಿಂದ ಕಂಡಿತ್ತು.

ಸುಭಾಷನಿಗೆ ಆಗಲೇ ಫೋನು ಹೋಗಿತ್ತು. ಹಸಿರಿನೊಳಗೆ ಒಂದು ಕೆಂಪು ಅಂಗಿ ಓಡುತ್ತಿರುವುದು ಬರಿಗಣ್ಣಿಗೂ ತಿಳಿಯಿತು. ಸ್ವಲ್ಪ ಹೊತ್ತಿಗೆ ಅವನದೇ ಕರೆ ಬಂತು, ಶರಣ ಫೋನಿನ ದನಿ ದೊಡ್ಡದು ಮಾಡಿದ.

"ಹೌದ್ರಾ, ಏಡಿ ಬಿಲ. ಕೈ ಹೋಗೂವಷ್ಟು ದೊಡ್ಡದು. ಮಣ್ಣು ಹಾಕಿ ತುಳೀತಾ ಇದ್ದೆ. ಸಂಜಿ ತನಕ ಬಿಟ್ಟಿದ್ರೆ ಗೊಬ್ಬರ ಎಲ್ಲ ಕೆಳಗಿನೋರಿಗೇ."

ಕೆಳಗಿನವರು ಜೋರಾಗಿ ನಕ್ಕರು. ಲಾವಣಿ ಮಾಡದೆಯೇ ಬೆಳೆ ನನ್ನದಾಗುತ್ತಿತ್ತಲ್ಲ ತಂಗಿ, ನೀನು ನೋಡಬಾರದಿತ್ತು ಎಂದರು. ಚಹಾ ಆರಿತೆಂದು ದಾಕ್ಷಾಯಿಣಿ ಇನ್ನೊಮ್ಮೆ ಮಾಡಿ ತಂದಳು. ಚಂದ್ರಶೇಖರಪ್ಪ ಅದನ್ನು ಕುಡಿದು, ಮಳೆಯ ಮಾತಾಡಿ, ಎಲೆ ಅಡಿಕೆ ಹಾಕಿಕೊಂಡು ಹೊರಟರು. ಮುಂದಿನ ವರ್ಷದ ಮಾತನ್ನು ಅವರೂ ಎತ್ತಲಿಲ್ಲ, ಶರಣನೂ ಎತ್ತಲಿಲ್ಲ. ಮೆಟ್ಟಿಲಿಳಿಯುವಾಗ ಮಾತ್ರ, ಆ ದುರ್ಬೀನು ಎಲ್ಲಿ ಸಿಗುತ್ತದೆ, ನನ್ನವಳಿಗೂ ಕನ್ನಡಕವಿದೆ ಎಂದು ದಾಕ್ಷಾಯಿಣಿಯನ್ನು ಕೇಳಿದರು. ಅವಳು ಅಂಗಡಿಯ ದಾರಿ ಹೇಳಿದಳು, ಕನ್ನಡಕ ತೆಗೆಯದೆ ನೋಡಿ ತಗೊಳ್ಳಬೇಕು ಎಂದಳು, ಬೂಷ್ಟಿನ ವಿಷಯವನ್ನೂ ಸೂರ್ಯನ ವಿಷಯವನ್ನೂ ಹೇಳುವಷ್ಟರಲ್ಲಿ ಅವರು ಗೇಟು ದಾಟಿದ್ದರು.

ಅನ್ನಪೂರ್ಣವ್ವ ಊಟಕ್ಕೆ ಎದ್ದು ಹೋದ ಮೇಲೆ ಶರಣ ಕಟ್ಟೆಯ ಮೇಲೆ ಒಬ್ಬನೇ ನಿಂತಿದ್ದ. ದುರ್ಬೀನು ಕಣ್ಣಿಗಿಟ್ಟ. ಕನ್ನಡಕವಿಲ್ಲದ ಅವನ ಕಣ್ಣಿಗೆ ಅಂಚಿನಲ್ಲಿ ಕಪ್ಪು ನೆರಳುಗಳು ಓಡಾಡಿದವು. ಬಟ್ಟಲು ಹೊರಗೆ ತಿರುಗಿಸಿ ನೋಡು ಎಂದು ಒಳಗಿನಿಂದಲೇ ದಾಕ್ಷಾಯಿಣಿ ಹೇಳಿದಳು. ತಿರುಗಿಸಿದ. ಆಗ ಗದ್ದೆ ಬಂತು. ಹುಣಸೆಗಿಡ, ಹೊಸ ಮಣ್ಣಿನ ಹಸಿ ಕಲೆ, ಅದರ ಪಕ್ಕದಲ್ಲಿ ಕಾಲು ತೊಳೆಯುತ್ತಿರುವ ಸುಭಾಷ. ಅವನು ನೋಡುತ್ತಲೇ ಇದ್ದ. ದಾಕ್ಷಾಯಿಣಿ ಎರಡು ಸಲ ಊಟಕ್ಕೆ ಕರೆದಳು.

ಕೊನೆಗೆ ಬಂದ. ಬರುವ ಮುಂಚೆ ನಿಂತು, ರಬ್ಬರಿನ ಬಟ್ಟಲುಗಳೆರಡನ್ನೂ ತಾಯಿಗೆ ಬೇಕಾದ ಹಾಗೆ ಪೂರ್ತಿ ಒಳಗೆ ತಿರುಗಿಸಿ, ದುರ್ಬೀನನ್ನು ಮೊಳೆಗೆ ತೂಗುಹಾಕಿದ.